ಮನೆಗೆ ಗೊತ್ತಿದ್ದವರು

ಅಂತ್ಯಸಂಸ್ಕಾರ ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಗ್ಗೆ, ನಲ್ಲಿಯಲ್ಲಿ ನೀರು ಬರಲಿಲ್ಲ.

ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿತ್ತು. ನಲ್ಲಿ ತಿರುಗಿಸಿದರೆ ಒಂದಿಷ್ಟು ಗಾಳಿ ಗೊರಗೊರ ಅಂದು ನಿಂತಿತು. ಅಡುಗೆಮನೆಗೆ ಹೋದೆ. ಅಲ್ಲೂ ಅಷ್ಟೆ. ಹೀಟರಿನ ಸದ್ದಿರಲಿಲ್ಲ. ನೆಲ ಕೊರೆಯುತ್ತಿತ್ತು. ಕಿಟಕಿಯ ಗಾಜಿಗೆ ಒಳಗಿನಿಂದಲೇ ತೆಳ್ಳಗೆ ಮಂಜು ಕಟ್ಟಿತ್ತು. ನಮ್ಮ ಚಳಿಯೂರು ಆಲ್ಟೋನಾದಲ್ಲಿ ನವೆಂಬರಿನ ಕೊನೆಗೆ ಹೀಟರ್ ನಿಂತ ಮನೆಯೆಂದರೆ ಯಾರೂ ಇಲ್ಲದ ಮನೆ ಎಂದೇ ಅರ್ಥ.

ಬಾಯಲ್ಲಿದ್ದ ನೊರೆಯನ್ನು ಸಿಂಕಿಗೆ ಉಗಿದೆ. ತೊಳೆಯಲು ನೀರಿರಲಿಲ್ಲ. ಅದನ್ನೇ ನೋಡುತ್ತ ನಿಂತೆ.

ಗೋಡೆ, ಚಾವಣಿ ನನ್ನ ಗಂಡ ಕೊರ್ವಿನ್‌ನ ಅಜ್ಜನ ಕಾಲದವು. ಮನೆಯೊಳಗಿನ ಬುದ್ಧಿ ಮಾತ್ರ ಕೊರ್ವಿನ್‌ನದು. ಒಂದೊಂದು ಸ್ವಿಚ್ಚನ್ನೂ ಒಂದೊಂದು ಸೆನ್ಸರನ್ನೂ ಅಲ್ಲಿಂದ ಇಲ್ಲಿಂದ ತರಿಸಿ, ನೆಲಮಾಳಿಗೆಯ ಹಳೆಯ ಕಂಪ್ಯೂಟರೊಂದಕ್ಕೆ ಎಲ್ಲವನ್ನೂ ಹೊಂದಿಸಿದ್ದ. ಅವನು ಒಳಗೆ ಬಂದರೆ ದೀಪ ಹತ್ತುತ್ತಿತ್ತು, ಮನೆ ಬೆಚ್ಚಗಾಗುತ್ತಿತ್ತು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಹೀಟರ್ ತಗ್ಗುತ್ತಿತ್ತು, ಪೈಪು ಒಡೆಯದಿರಲೆಂದು ನೀರಿನ ವಾಲ್ವ್ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಇಂಥದ್ದನ್ನೆಲ್ಲ ಮಾಡಿಕೊಡುವ ಕಂಪನಿಗಳಿವೆ. "ಅವರ ಡಬ್ಬಿ ತಂದಿಟ್ರೆ ನಮ್ಮನೇಲಿ ನಾವೇ ಬಾಡಿಗೆಗೆ ಇದ್ದಂಗೆ," ಅನ್ನುತ್ತಿದ್ದ ಅವನು.

ಯಾರಾದರೂ ಮನೆಯಲ್ಲಿದ್ದಾರೆಂದು ಮನೆಗೆ ತಿಳಿಯುತ್ತಿದ್ದದ್ದು ಫೋನಿನಿಂದ. ಫೋನು ಮನೆಯ ವೈಫೈಗೆ ಸಿಕ್ಕಿದರೆ ಆ ಮನುಷ್ಯ ಬಂದ ಎಂದು ಲೆಕ್ಕ. ಕೊರ್ವಿನ್‌ನ ಫೋನು ಮನೆಗೆ ಗೊತ್ತಿತ್ತು. ನನ್ನದನ್ನು ಎಷ್ಟು ಸಲ ಸೇರಿಸಿದರೂ ನಿಲ್ಲುತ್ತಿರಲಿಲ್ಲ. ಶನಿವಾರ ಅವನು ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಆಡಲು ಹೋದರೆ ನಾನು ಸೋಫಾದ ಮೇಲೆ ಕೂತಿದ್ದಂತೆಯೇ ಮನೆ ತಣ್ಣಗಾಗತೊಡಗುತ್ತಿತ್ತು. ಫೋನ್ ಮಾಡುತ್ತಿದ್ದೆ.

"ಕೊರ್ವಿನ್, ನಿನ್ನ ಮನೆ ನನ್ನನ್ನ ಮತ್ತೆ ಹೊರಗೆ ಹಾಕಿದೆ."

"ಅಯ್ಯೋ, ಒಂದ್ನಿಮಿಷ ಇರೇ ಮಾರಾಯ್ತಿ." ಅಲ್ಲಿಂದಲೇ ಏನೋ ಒತ್ತುತ್ತಿದ್ದ. ಕೆಳಗೆ ಹೀಟರ್ ಗುಂಯ್ ಎನ್ನುತ್ತಿತ್ತು. "ಈಗ?"

"ಈಗ ಒಳಗೆ ಬಂದೆ."

ಅವನು ಕಾರ್ಖಾನೆಯಲ್ಲಿ, ಊಟದ ಹೊತ್ತಿಗೆ, ಸ್ಯಾಂಡ್‌ವಿಚ್ ಬಿಚ್ಚುತ್ತಿದ್ದವನು ಹಾಗೇ ಕುಸಿದ. ಹೃದಯ ಎಂದರು. ಮೂವತ್ತನಾಲ್ಕು ವರ್ಷ. ಆಸ್ಪತ್ರೆಯವರು ಅವನ ಬೆಲ್ಟು, ಉಂಗುರ, ಫೋನು, ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ಆ ಚೀಲ ಹಿಡಿದು ನಾನು ಬಾಗಿಲು ತೆರೆದಾಗ ಪಡಸಾಲೆಯ ದೀಪ ಹತ್ತಿತು. ಆಮೇಲೆ ಅಡುಗೆಮನೆಯದು. ಆಮೇಲೆ ಕೆಳಗೆ ಹೀಟರ್ ಶುರುವಾಯಿತು.

ಆ ವಾರವೆಲ್ಲ ಕೊರ್ವಿನ್‌ನ ಅಕ್ಕ ಲವೋನ್ ನಮ್ಮ ಮನೆಯಲ್ಲೇ ಇದ್ದಳು. ನೆಂಟರ ನಂಬರುಗಳಿಗಾಗಿ ಅವನ ಫೋನನ್ನು ಚಾರ್ಜಿಗೆ ಹಾಕಿಕೊಂಡೇ ಇದ್ದಳು. ಹಾಗಾಗಿ ಮನೆ ಬೆಚ್ಚಗಿತ್ತು, ನೀರಿತ್ತು, ಯಾರಿಗೂ ಏನೂ ತೋರಲಿಲ್ಲ. ಹಿಂದಿನ ಸಂಜೆ ಅವಳು ಹೊರಡುವಾಗ ತನ್ನ ಚಾರ್ಜರ್ ತೆಗೆದುಕೊಂಡು ಹೋಗಿದ್ದಳು.

ಫೋನು ಬ್ರೆಡ್ಡಿನ ಡಬ್ಬಿಯ ಪಕ್ಕ ಸತ್ತು ಬಿದ್ದಿತ್ತು. ಅವನ ಚಾರ್ಜರ್ ಹುಡುಕಿ ಚುಚ್ಚಿದೆ. ಅದು ಹೊತ್ತಿಕೊಳ್ಳುವವರೆಗೆ ಕೋಟು ಹಾಕಿಕೊಂಡು ಎದುರಿಗೇ ನಿಂತಿದ್ದೆ. ಮೊದಲು ಪರದೆ ಬೆಳಗಿತು. ಸ್ವಲ್ಪ ಹೊತ್ತಿಗೆ ಕೆಳಗೆ ಹೀಟರ್ ಎದ್ದಿತು. ತೆರೆದೇ ಬಿಟ್ಟಿದ್ದ ನಲ್ಲಿ ಕೆಮ್ಮಿ ನೀರು ಸುರಿಸಿತು. ಸಿಂಕಿನಲ್ಲಿದ್ದ ನೊರೆ ಕೊಚ್ಚಿಹೋಯಿತು.

ಮನೆಯ ಲೆಕ್ಕದಲ್ಲಿ ಕೊರ್ವಿನ್ ಬಂದಿದ್ದ.

*

ಅವತ್ತಿನಿಂದ ಆ ಫೋನಿನ ಚಾರ್ಜು ಇಳಿಯಲು ಬಿಡಲಿಲ್ಲ. ಅಂಗಡಿಗೆ ಹೋದರೂ ಮೊದಲು ಅದು ಚುಚ್ಚಿದೆಯೇ ನೋಡುತ್ತಿದ್ದೆ. ಕೆಲಸಕ್ಕೆ ಇನ್ನೂ ಹೋಗುತ್ತಿರಲಿಲ್ಲ. ಮಾತು ತಡವರಿಸುವ ಮಕ್ಕಳಿಗೆ ಮಾತು ಕಲಿಸುವುದು ನನ್ನ ಕೆಲಸ. ಆಗ ನನಗೇ ಮಾತು ಬರುತ್ತಿರಲಿಲ್ಲ.

ಲವೋನ್ ಒಂದು ಪಾತ್ರೆ ನೂಡಲ್ ಸೂಪು ಹಿಡಿದು ಬಂದಳು. ಅಂತ್ಯಸಂಸ್ಕಾರದ ದಿನ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರಿಗೂ ಬನ್ನು, ಚೀಸು, ಸಕ್ಕರೆ ಅಚ್ಚು, ಕಾಫಿ ಕೊಟ್ಟಿದ್ದರಲ್ಲ, ಅದರಲ್ಲಿ ಉಳಿದ ಬನ್ನುಗಳೂ ಇದ್ದವು. ಪಾತ್ರೆಗಳನ್ನು ಮೇಜಿನ ಮೇಲಿಟ್ಟು ಕೈ ಚಾಚಿದಳು.

"ಅವನ ಫೋನ್ ಕೊಡು. ನಂಬರ್ ನಿಲ್ಸೋದಕ್ಕೆ ಹೇಳ್ತೀನಿ. ಸುಮ್ನೆ ಯಾಕೆ ಇರ್ಬೇಕು ಅದು?"

"ಇರ್ಲಿ ಬಿಡು."

"ಕರಿಸಾ."

"ಇರ್ಲಿ ಅಂದ್ನಲ್ಲ."

"ಅದ್ರಲ್ಲಿ ಅವನ ದನಿ ಏನಾದ್ರೂ ಇದ್ರೆ ನಾನು ಬೇರೆ ಕಡೆ ಇಳಿಸ್ಕೊಡ್ತೀನಿ ಕಣೇ. ನನ್ಮಗಳಿಗೆ ಅದೆಲ್ಲ ಬರುತ್ತೆ."

"ದನಿ ಅಲ್ಲ. ಹೀಟರ್."

ಹೇಳಲೇಬೇಕಾಯಿತು. ಹೇಳಿದೆ. ಲವೋನ್ ಮೊದಲು ನಕ್ಕಳು. ಅವರ ಥೀಸನ್ ಮನೆತನದ ನಗು ಅದು, ತಡೆದರೂ ಮೂಗಿನಿಂದ ಹೊರಡುವಂಥದ್ದು. ನಗುತ್ತಲೇ ಕುರ್ಚಿಯ ಮೇಲೆ ಕೂತು ಅಳತೊಡಗಿದಳು. ಆಮೇಲೆ ಸಿಟ್ಟು ಬಂತು.

"ನಮ್ಮಪ್ಪ ಗೋಡೆ ಮೇಲಿರೋ ಒಂದು ಗುಂಡಿ ತಿರುಗಿಸ್ತಿದ್ದ, ಮನೆ ಬೆಚ್ಚಗಾಗ್ತಿತ್ತು. ಇವ್ನಿಗೆ ಅದು ಸಾಕಾಗ್ಲಿಲ್ಲ. ಹೆಂಡ್ತೀನ ಮನೆಗೆ ಗುರುತು ಮಾಡಿಸೋದಕ್ಕೂ ಆಗ್ಲಿಲ್ಲ ಆ ಪೆದ್ದನ ಕೈಲಿ. ಬಿಟ್ಟೋಗಿದಾನೆ ನೋಡು, ಒಂದು ಫೋನ್ ಕೈಲಿ ಕೊಟ್ಟು."

"ಅವನಿಗೆ ಹಂಗನ್ಬೇಡ."

"ನನ್ನ ತಮ್ಮ. ನಾನು ಅಂತೀನಿ." ಮೂಗು ಒರೆಸಿಕೊಂಡಳು. "ಇದನ್ನೆಲ್ಲ ಕಿತ್ತು ಹಾಕ್ಸೋಣ. ಕಂಪನಿಯೋರ್ನ ಕರೆಸ್ತೀನಿ. ಒಂದು ಫಲಕ, ಒಂದು ನಂಬರು. ಕೆಟ್ರೆ ಅವರೇ ಬರ್ತಾರೆ. ನೀನು ಏನೂ ತಿಳ್ಕೊಳ್ಳೋದೇ ಬೇಡ."

ಏನೂ ತಿಳಿದುಕೊಳ್ಳಬೇಕಿಲ್ಲ ಎನ್ನುವ ಮಾತು ಆಗ ಹಿತವಾಗಿತ್ತು. ಆಯಿತು ಎಂದೆ.

ಕಂಪನಿಯವನು ವಿನಿಪೆಗ್‌ನಿಂದ ಬಂದ. ಬೂಟು ಬಾಗಿಲಲ್ಲೇ ಬಿಚ್ಚಿ, ಕಾಲುಚೀಲದಲ್ಲೇ ಮನೆಯೆಲ್ಲ ಓಡಾಡಿದ. ಸಭ್ಯ ಮನುಷ್ಯ. ಪ್ರತಿ ಸ್ವಿಚ್ಚಿನ ಮುಂದೆಯೂ ನಿಂತು ತಲೆಯಾಡಿಸಿದ. ನೆಲಮಾಳಿಗೆಗೆ ಇಳಿದಾಗ ಮೆಲ್ಲಗೆ ಸಿಳ್ಳೆ ಹಾಕಿದ.

"ಯಾರು ಮಾಡಿದ್ದು ಇದು?"

"ನನ್ನ ಗಂಡ."

"ಚೆನ್ನಾಗಿ ಮಾಡಿದಾರೆ," ಎಂದ. ಲವೋನ್ ಅವನಿಗೆ ಸಾವಿನ ವಿಷಯ ಮೊದಲೇ ಹೇಳಿದ್ದಳೆಂದು ಕಾಣುತ್ತದೆ, ಕಣ್ಣು ತಪ್ಪಿಸಿದ. "ಆದ್ರೆ ಇದ್ರಲ್ಲಿ ನಮಗೆ ಒಂದೂ ಬರಲ್ಲ. ನಮ್ದು ನಮ್ದರ ಜೊತೆ ಮಾತ್ರ ಮಾತಾಡುತ್ತೆ. ಸ್ವಿಚ್ಚೆಲ್ಲ ತೆಗೀಬೇಕಾಗುತ್ತೆ."

"ತೆಗೆದದ್ದನ್ನ ಏನ್ಮಾಡ್ತೀರಾ?"

"ನಾವೇ ಸಾಗಿಸ್ತೀವಿ. ನೀವು ಅದರ ಚಿಂತೆ ಮಾಡೋದು ಬೇಡ."

"ಮುಂದೆ ನಿಮ್ಮ ಕಂಪನಿ ಇಂಥದ್ದು ಮಾಡೋದು ನಿಲ್ಸಿದ್ರೆ?" ಅದು ಕೊರ್ವಿನ್ ಕೇಳುತ್ತಿದ್ದ ಪ್ರಶ್ನೆ. ನನ್ನ ಬಾಯಿಂದ ಯಾಕೆ ಬಂತೋ.

"ಆಗ ಹೊಸದು ಕೊಡ್ತೀವಿ."

"ಮತ್ತೆ ಎಲ್ಲಾ ಕಿತ್ತು?"

ಅವನು ನಕ್ಕ. "ಅಷ್ಟು ದೂರ ಯಾಕೆ ಯೋಚ್ನೆ ಮಾಡ್ತೀರಾ ಮೇಡಂ."

ಅಡುಗೆಮನೆಯ ಮೇಜಿನ ಹತ್ತಿರ ಕೂತು ತನ್ನ ಟ್ಯಾಬ್ಲೆಟ್ಟಿನಲ್ಲಿ ಒಂದೊಂದೇ ತುಂಬಿಸಿಕೊಂಡ. ಬಾಗಿಲುಗಳು ಇಷ್ಟು. ಕಿಟಕಿಗಳು ಇಷ್ಟು. ನಾಯಿ ಇದೆಯೇ? ಇಲ್ಲ.

"ಮನೇಲಿ ಎಷ್ಟು ಜನ?"

ನಾನು ಅವನ ಕಾಲುಚೀಲ ನೋಡುತ್ತಿದ್ದೆ. ಹೆಬ್ಬೆರಳ ಹತ್ತಿರ ಸವೆದಿತ್ತು.

"ಒಬ್ಬಳು," ಎಂದಳು ಲವೋನ್.

ಗುರುವಾರ ಬರುವುದೆಂದು ಆಯಿತು. ಹಳೆಯದಕ್ಕೆ ಹೋಗುವ ಕರೆಂಟನ್ನು ಯಾರಾದರೂ ತಿಳಿದವರಿಂದ ಮೊದಲೇ ತೆಗೆಸಿಡಿ ಎಂದು ಹೇಳಿಹೋದ. ನಮಗೆ ಗೊತ್ತಿದ್ದ ತಿಳಿದವರು ಒಬ್ಬರೇ, ಲೆಪ್ಕಿ ಮೇಷ್ಟ್ರು.

*

ಆಬ್ರಾಮ್ ಲೆಪ್ಕಿ ಹೈಸ್ಕೂಲಿನಲ್ಲಿ ಕೊರ್ವಿನ್‌ಗೆ ವಿಜ್ಞಾನ ಕಲಿಸಿದವರು. ನಿವೃತ್ತರಾದ ಮೇಲೆ ಅವರಿಗೂ ಇದೇ ಹುಚ್ಚು. ತಮ್ಮ ಗ್ಯಾರೇಜಿನ ಬಾಗಿಲು, ಕೋಳಿಗೂಡಿನ ದೀಪ, ಹೆಂಡತಿಯ ಹೊಲಿಗೆ ಯಂತ್ರದ ಮೇಲಿನ ಬೆಳಕು, ಎಲ್ಲವನ್ನೂ ತಾವೇ ಮಾಡಿಕೊಂಡಿದ್ದರು. ಗುರುಶಿಷ್ಯರು ಸೇರಿದರೆ ಜಗಳ. ಇಬ್ಬರೂ ನಮ್ಮ ನೆಲಮಾಳಿಗೆಯ ಮೆಟ್ಟಿಲ ಮೇಲೆ ಕೂತು, ಸೂರ್ಯಕಾಂತಿ ಬೀಜ ಜಗಿದು ಸಿಪ್ಪೆಯನ್ನು ಕಾಫಿ ಲೋಟಕ್ಕೆ ಉಗಿಯುತ್ತ, ಒಬ್ಬರದನ್ನೊಬ್ಬರು ಹಳಿಯುತ್ತಿದ್ದರು.

ಬುಧವಾರ ಬೆಳಗ್ಗೆ ಬಂದರು. ಅಂತ್ಯಸಂಸ್ಕಾರದಲ್ಲಿ ತೊಟ್ಟಿದ್ದ ಕೋಟನ್ನೇ ತೊಟ್ಟಿದ್ದರು. ನೆಲಮಾಳಿಗೆಗೆ ಇಳಿದು ಕಂಪ್ಯೂಟರಿನ ಮುಂದೆ ನಿಂತರು. ಕೂರಲಿಲ್ಲ. ಕುರ್ಚಿ ಕೊರ್ವಿನ್‌ನದು.

"ಕೂತ್ಕೊಳಿ ಮೇಷ್ಟ್ರೇ."

"ಇರ್ಲಿ. ಮೊದ್ಲು ಒಂದು ತೋರಿಸ್ತೀನಿ, ಆಮೇಲೆ ಆರಿಸೋಣ."

ಪರದೆಯ ಮೇಲೆ ಒಂದು ಪುಟ ತೆರೆದರು. ಮೇಲೆ ಒಂದೇ ಹೆಸರು. ಕೊರ್ವಿನ್. ಅದರ ಪಕ್ಕ ಹಸಿರು ಚುಕ್ಕೆ. ಮನೆಯಲ್ಲಿದ್ದಾನೆ. ಅದರ ಕೆಳಗೆ ಅಪರಿಚಿತ, ಅಪರಿಚಿತ, ಅಪರಿಚಿತ ಎಂದು ಪುಟ ಸರಿಸಿದಷ್ಟೂ ಮುಗಿಯದ ಸಾಲು.

"ಇವ್ರೆಲ್ಲ ಯಾರು?"

"ನೀನೇ," ಎಂದರು ಮೇಷ್ಟ್ರು. "ನಿನ್ನ ಫೋನಿನಲ್ಲಿ ಒಂದು ಏರ್ಪಾಡಿದೆ. ಯಾರೂ ಹಿಂಬಾಲಿಸ್ಬಾರ್ದು ಅಂತ ವೈಫೈಗೆ ಆಗಾಗ ಬೇರೆ ಬೇರೆ ಹೆಸರು ಹೇಳುತ್ತೆ. ನೀನು ದಿನಾ ಬರ್ತಿದ್ದೆ. ಮನೆ ಯಾರೋ ಹೊಸ ನೆಂಟ್ರು ಅಂದ್ಕೊಳ್ತಿತ್ತು."

"ಅವನಿಗೆ ಗೊತ್ತಿರ್ಲಿಲ್ವಾ?"

ಮೇಷ್ಟ್ರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಹೋದ ಚಳಿಗಾಲದಲ್ಲೇ ಹೇಳಿದ್ದೆ. ಫೋನಿನ ತಪ್ಪು ಕಣೋ ಅಂತ. ಇಲ್ಲ, ವೈಫೈ ಪೆಟ್ಟಿಗೇದು ಅಂದ. ಪೆಟ್ಟಿಗೆ ಬದಲಾಯಿಸ್ದ. ಮತ್ತೂ ಬದಲಾಯಿಸ್ದ. ಕರಿಸಾಳ ಫೋನಿನಲ್ಲಿ ಒಂದು ಗುಂಡಿ ಸರಿಸಿ ನೋಡೋ ಅಂದೆ. ಸರಿಸ್ಲಿಲ್ಲ. ಸರಿಸಿದ್ರೆ ನಾನು ಹೇಳಿದ್ದು ನಿಜ ಆಗ್ಬಿಡುತ್ತಲ್ಲ."

"ಅಷ್ಟಕ್ಕೇ?"

"ನಾನೂ ಏನ್ಕಮ್ಮಿ ಇಲ್ಲ. ನಾನೇ ಬಂದು ನಿಂಗೆ ಹೇಳ್ಬಹುದಿತ್ತು. ಅವನೇ ಸೋತು ಒಪ್ಪಿಕೊಳ್ಳಲಿ ಅಂತ ಕಾಯ್ತಿದ್ದೆ." ನನ್ನ ಕಡೆ ಕೈ ನೀಡಿದರು. "ನಿನ್ನ ಫೋನ್ ಕೊಡು."

ಕೊಟ್ಟೆ. ಒಂದು ಗುಂಡಿ ಸರಿಸಿದರು. ಪರದೆಯಲ್ಲಿ ನನ್ನ ಹೆಸರು ಬರೆದರು. ಕಾದೆವು.

ಕೊರ್ವಿನ್, ಮನೆಯಲ್ಲಿದ್ದಾನೆ. ಕರಿಸಾ, ಮನೆಯಲ್ಲಿದ್ದಾಳೆ.

ಎರಡು ಹಸಿರು ಚುಕ್ಕೆ, ಒಂದರ ಕೆಳಗೊಂದು. ಇಷ್ಟು ವರ್ಷಗಳಲ್ಲಿ ಮನೆ ನಮ್ಮಿಬ್ಬರನ್ನೂ ಒಟ್ಟಿಗೆ ಕಂಡದ್ದು ಅದೇ ಮೊದಲು. ಗೆದ್ದ ಮೇಷ್ಟ್ರು ಗೋಡೆಯ ಕಡೆ ತಿರುಗಿ ನಿಂತರು.

"ಇನ್ನು ಅವನ ಫೋನ್ ಆರಿಸ್ಬಹುದು," ಎಂದರು ಆಮೇಲೆ. "ನೀನಿದ್ರೆ ಸಾಕು, ಮನೆ ಬೆಚ್ಚಗಿರುತ್ತೆ. ನೋಡ್ತೀಯಾ?"

ಮೇಲಿನಿಂದ ಅವನ ಫೋನ್ ತಂದು ನಾನೇ ಆರಿಸಿದೆ. ಅವನ ಚುಕ್ಕೆ ಬೂದಿಬಣ್ಣಕ್ಕೆ ತಿರುಗಿತು. ಕೊರ್ವಿನ್, ಹೊರಗಿದ್ದಾನೆ. ಹೀಟರ್ ನಿಲ್ಲಲಿಲ್ಲ. ಆದರೆ ಮೇಲೆ ಹಿಂಬಾಗಿಲ ಚಿಲಕ ತಾನಾಗಿ ಕಳಚಿದ ಸದ್ದು ಕೇಳಿತು. ಮೆಟ್ಟಿಲು ಹತ್ತಿ ನೋಡಿದರೆ, ಹಗಲಿನಲ್ಲೇ ಹೊರದೀಪ ಉರಿಯುತ್ತಿತ್ತು.

"ಅವನು ಬರೆದ ನಿಯಮ," ಎಂದರು ಮೇಷ್ಟ್ರು ಕೆಳಗಿನಿಂದ. "ಮನೆಯೋರೆಲ್ಲ ಒಳಗೆ ಬರೋ ತನಕ ಹೊರದೀಪ ಆರಲ್ಲ, ಹಿಂಬಾಗ್ಲಿಗೆ ಚಿಲಕ ಬೀಳಲ್ಲ. ನೀನು ತಡವಾಗಿ ಬರ್ತೀಯಲ್ಲ, ಅದಕ್ಕೆ. ಇಬ್ಬರ ಹೆಸರೂ ಇದ್ರೆ ಮಾತ್ರ ನಡೆಯೋ ನಿಯಮ, ನಿನ್ನ ಹೆಸರು ಪಟ್ಟೀಲಿ ಕೂರೋದನ್ನೇ ಕಾಯ್ತಿತ್ತು ಪಾಪ ಅದು."

"ಈಗ ಅವನಿಗೆ ಕಾಯುತ್ತಾ?"

"ಕಾಯ್ತಾನೇ ಇರುತ್ತೆ. ಒಂದಾ ಆ ನಿಯಮ ಅಳಿಸ್ಬೇಕು. ಇಲ್ಲಾ ಅವನ ಹೆಸರು."

ಅವನ ಫೋನನ್ನು ಮತ್ತೆ ಹೊತ್ತಿಸಿದೆ. ಚಿಲಕ ಬಿತ್ತು. ದೀಪ ಆರಿತು.

ಕೆಳಗೆ ಇಳಿದು ಬಂದೆ. ಬಗ್ಗಿ ಕಂಪ್ಯೂಟರಿನ ಹಿಂಭಾಗ ನೋಡುತ್ತಿದ್ದ ಮೇಷ್ಟ್ರು ಇದ್ದಕ್ಕಿದ್ದಂತೆ, "ಓ, ಇಲ್ಲಿದ್ಯಾ ನೀನು!" ಎಂದರು. ಅಲ್ಲಿ ಹೆಬ್ಬೆರಳು ಗಾತ್ರದ ಒಂದು ಡಾಂಗಲ್ ಚುಚ್ಚಿತ್ತು. ಅದರ ತುದಿಗೆ ಉಗುರುಬಣ್ಣದ ಕೆಂಪು ಗುರುತು. "ಇದು ನಂದು. ಹೆಂಡತಿಯ ಉಗುರುಬಣ್ಣ ಹಚ್ಚಿದ್ದೆ, ಕಳೆಯಬಾರದು ಅಂತ. ಅವನದ್ದು ಅಂಚೆಯಲ್ಲಿ ಬರೋ ತನಕ ಅಂತ ಇಸ್ಕೊಂಡ. ಕೇಳ್ದಾಗೆಲ್ಲ ನಾಳೆ ಅಂತಿದ್ದ, ಕಳ್ಳ. ತರಿಸೋದಕ್ಕೆ ಹೇಳೇ ಇರ್ಲಿಲ್ಲ ಅಂತ ಕಾಣುತ್ತೆ."

"ತಗೊಂಡ್ಹೋಗಿ."

"ಎಳೆದ್ರೆ ಮನೆ ಮೂಕ ಆಗುತ್ತೆ ಮಗೂ. ಸ್ವಿಚ್ಚು, ಸೆನ್ಸರು ಎಲ್ಲಾ ಇದ್ರ ಮೂಲಕಾನೇ ಮಾತಾಡೋದು. ಎಲ್ಲಕ್ಕೂ ಇದು ಮಾತ್ರ ಪರಿಚಯ."

"ಇನ್ನೊಂದು ಹಾಕಿದ್ರೆ?"

"ಒಂದೊಂದನ್ನೂ ಮೊದಲಿಂದ ಪರಿಚಯ ಮಾಡಿಸ್ಬೇಕು. ಹೊಸ ಕಂಪ್ಯೂಟರು ಆದ್ರೆ ನಿಯಮಗಳನ್ನೂ ಮೊದಲಿಂದ ಬರೀಬೇಕು. ಅವನು ಬರೆದದ್ದು ಏನೂ ಬರಲ್ಲ."

"ಹೆಸರುಗಳು?"

"ನೀನು ಹಾಕಿದ್ದು ಮಾತ್ರ ಇರುತ್ತೆ." ಅವರು ನನ್ನ ಮುಖ ನೋಡಿದರು. "ಅದೆಲ್ಲ ಯಾಕೀಗ? ನಾಳೆ ಹೆಂಗೂ ಕಂಪನಿಯೋರು ಬರ್ತಾರಲ್ಲ. ಆರಿಸ್ಲಾ?"

"ಇವತ್ತು ಹೀಗೇ ಇರ್ಲಿ ಮೇಷ್ಟ್ರೇ."

ಅವರು ಹೋದ ಮೇಲೆ ನಾನು ಅವನ ಕುರ್ಚಿಯಲ್ಲಿ ಕೂತೆ. ಎರಡು ಹಸಿರು ಚುಕ್ಕೆ. ಕಂಪನಿಯವನು ಬಂದರೆ ನಾನು ಏನೂ ಅಳಿಸಬೇಕಾಗಿರಲಿಲ್ಲ. ಯಾರೋ ಬಂದು, ನಾನು ಅಡುಗೆಮನೆಯಲ್ಲಿ ಕಾಫಿ ಮಾಡುತ್ತಿರುವಾಗ, ಎಲ್ಲ ಕಳಚಿ ಪೆಟ್ಟಿಗೆಗೆ ತುಂಬಿ ಸಾಗಿಸಿಬಿಡುತ್ತಿದ್ದರು. ಅದು ಸುಲಭವಾಗಿತ್ತು. ಅಡುಗೆಮನೆಯ ಸ್ವಿಚ್ಚಿನ ಫಲಕವನ್ನು ಕೊರ್ವಿನ್ ಸ್ವಲ್ಪ ವಾಲಿಸಿ ಕೂರಿಸಿದ್ದ. ರಸಮಟ್ಟ ಹಿಡಿದೇ ಕೂರಿಸಿದ್ದರಿಂದ ಗೋಡೆಯೇ ವಾಲಿದೆ ಎಂದು ವಾದಿಸಿದ್ದ. ಅದೂ ಆ ಪೆಟ್ಟಿಗೆಗೆ ಹೋಗುತ್ತಿತ್ತು.

ನೀರು ನಿಂತ ಆ ಬೆಳಗ್ಗೆ ನೆನಪಾಯಿತು. ಆ ದಿನ ನನ್ನ ಕೈ ತಾನಾಗಿ ನನ್ನ ಫೋನಿನತ್ತ ಹೋಗಿತ್ತು, ಅವನಿಗೆ ಕರೆ ಮಾಡಲು.

*

ಗುರುವಾರ ಕಂಪನಿಯವನಿಗಿಂತ ಮೊದಲೇ ಲವೋನ್ ಬಂದಳು. ಬೇಡ ಎಂದು ಹೇಳಿದೆ.

"ಏನು ಬೇಡ?"

"ಕಂಪನಿ. ನಾನೇ ಮಾಡ್ಕೋತೀನಿ."

"ನೀನು? ರೇಡಿಯೋ ಚಾನೆಲ್ ಬದಲಾಯಿಸೋದಕ್ಕೆ ಅವನನ್ನ ಕರೀತಿದ್ದೋಳು?"

"ಹೂಂ."

"ಕರಿಸಾ, ಕೇಳಿಲ್ಲಿ. ಜನವರೀಲಿ ಮೈನಸ್ ಮೂವತ್ತೈದು ಇರುವಾಗ ಇದು ಕೈಕೊಡುತ್ತೆ. ಆಗ ಯಾರಿಗೆ ಫೋನ್ ಮಾಡ್ತೀಯಾ?"

"ಯಾರಿಗೂ ಇಲ್ಲ. ಅದಕ್ಕೇ ಕಲೀಬೇಕು."

"ಇದು ಅವನನ್ನ ಹಿಡ್ಕೊಂಡು ಕೂರೋ ಹುನ್ನಾರ ತಾನೇ? ನಿಜ ಹೇಳು."

"ಅಲ್ಲ." ಕಿಟಕಿಯ ಕಡೆ ತಿರುಗಿ, "ಅಲ್ಲ ಅಂದ್ಕೊಂಡಿದೀನಿ," ಎಂದೆ.

ಲವೋನ್ ತನ್ನ ಕೋಟಿನ ಗುಂಡಿಯನ್ನು ತಿರುಚುತ್ತ ನಿಂತಿದ್ದಳು. ಆಮೇಲೆ ಹೊರಗೆ ಹೋಗಿ ತನ್ನ ಕಾರಿನಲ್ಲೇ ಕೂತು ಕಂಪನಿಗೆ ಫೋನ್ ಮಾಡಿದಳು. ಗಾಜಿನ ಹಿಂದೆ ಅವಳ ಕೈಯಾಡುವುದು ಕಾಣುತ್ತಿತ್ತು. ಒಳಗೆ ಬಂದು, "ಹುಚ್ಚೀ ಅಂತ ಹೇಳಿದೀನಿ ನಿನ್ನ," ಎಂದಳು. "ಸೂಪ್ ಬಿಸಿ ಮಾಡು."

ಹೊಸ ಡಾಂಗಲ್ಲು ಅಂಚೆಯಲ್ಲಿ ಬಂತು. ಕಪಾಟಿನಲ್ಲಿ ಕೊರ್ವಿನ್ ಬಿಚ್ಚದೇ ಇಟ್ಟಿದ್ದ ಒಂದು ಸಣ್ಣ ಕಂಪ್ಯೂಟರಿತ್ತು. ಮೇಷ್ಟ್ರನ್ನು ಕರೆಯಲಿಲ್ಲ. ಓದಿ ತಿಳಿದುಕೊಳ್ಳುವುದು ನನಗೆ ಗೊತ್ತಿದ್ದ ಒಂದೇ ವಿದ್ಯೆ. ಓದಿದೆ. ತಿಳಿಯದ್ದನ್ನು ಮತ್ತೆ ಓದಿದೆ.

ಮೊದಲು ಹಳೆಯದನ್ನು ಆರಿಸಬೇಕಿತ್ತು. ಅವನ ಫೋನು ಚಾರ್ಜಿನಲ್ಲಿದೆಯೇ ಎಂದು ಮೇಲೆ ಹೋಗಿ ನೋಡಿಕೊಂಡು ಬಂದೆ. ಪರದೆಯಲ್ಲಿ ಎರಡೂ ಚುಕ್ಕೆಗಳು ಹಸಿರಾಗಿದ್ದವು. ಯಾವ ಹೆಸರನ್ನೂ ಅಳಿಸದೆ, ಯಾವ ನಿಯಮವನ್ನೂ ಮುಟ್ಟದೆ, ಕಂಪ್ಯೂಟರನ್ನು ಹಾಗೇ ಆರಿಸಿದೆ. ಕೆಂಪು ಗುರುತಿನ ಡಾಂಗಲ್ಲನ್ನು ಎಳೆದು ಜೇಬಿಗೆ ಹಾಕಿಕೊಂಡೆ. ಮೇಲೆ ಎಲ್ಲ ದೀಪಗಳೂ ಇದ್ದ ಹಾಗೇ ನಿಂತವು. ಆಮೇಲೆ ಹೋಗಿ ಅವನ ಫೋನಿನ ವಯರು ಕಿತ್ತು, ಅದನ್ನೂ ಆರಿಸಿದೆ. ಈ ಸಲ ಯಾವ ಚಿಲಕವೂ ಸದ್ದು ಮಾಡಲಿಲ್ಲ.

ಒಂದೊಂದು ಸೆನ್ಸರಿನ ಗುಂಡಿಯನ್ನೂ ಅದು ಮಿನುಗುವವರೆಗೆ ಒತ್ತಿ ಹಿಡಿಯಬೇಕು. ಆಗ ಹೊಸದಕ್ಕೆ ಅದು ಕಾಣಿಸುತ್ತದೆ. ಮನೆಯೆಲ್ಲ ಸುತ್ತಿದೆ. ಸಿಂಕಿನ ಕೆಳಗೆ, ಕಿಟಕಿಯ ಸಂದಿಯಲ್ಲಿ, ಮೆಟ್ಟಿಲ ಅಡಿಯಲ್ಲಿ. ಚರ್ಚಿನ ಊಟಕ್ಕೆ ಒಯ್ಯುವ ಪಾತ್ರೆಗಳ ತಳಕ್ಕೆ ನಮ್ಮ ಹೆಂಗಸರು ಹೆಸರು ಬರೆದ ಕಾಗದದ ಟೇಪು ಅಂಟಿಸುತ್ತಾರೆ. ಕೊರ್ವಿನ್ ತನ್ನ ತಾಯಿಯಿಂದ ಕಲಿತ ಹಾಗೆ ಪ್ರತಿಯೊಂದಕ್ಕೂ ಅದೇ ಟೇಪು ಅಂಟಿಸಿ, ಅದೇನು ಎಂದು ಬರೆದಿದ್ದ. ಸಿಂಕು ಸೋರಿಕೆ. ಹಿಂಬಾಗಿಲು. ಹೀಟರ್. ಮೊದಮೊದಲು ತಪ್ಪಾಯಿತು. ಬಚ್ಚಲಿಗೆ ಕಾಲಿಟ್ಟರೆ ನಡುಮನೆಯ ದೀಪ ಹತ್ತಿತು. ಬಿಡಿಸಿ ಮತ್ತೆ ಮಾಡಿದೆ.

ಕೊನೆಗೆ ಗ್ಯಾರೇಜಿಗೆ ಹೋದೆ. ನನ್ನ ಕಾರು ನಿಲ್ಲುವ ಕಡೆ, ಕಂಬಕ್ಕೆ, ಬಂಪರಿನ ಎತ್ತರದಲ್ಲಿ ಒಂದು ಸೆನ್ಸರಿತ್ತು. ಅದನ್ನು ನಾನು ಎಂದೂ ಗಮನಿಸಿರಲಿಲ್ಲ. ಮಂಡಿಯೂರಿ ಟೇಪು ಓದಿದೆ.

"ಕರಿಸಾ ಬಂದಳು. ಕೆಟಲ್."

ಸಂಜೆ ನಾನು ಒಳಗೆ ಬರುವ ಹೊತ್ತಿಗೆ ಕೆಟಲಿನಲ್ಲಿ ನೀರು ಕುದಿಯುತ್ತಿರುತ್ತಿತ್ತು. ಪ್ರತಿ ದಿನ. ಕಾರಿನ ಸದ್ದು ಕೇಳಿ ಎದ್ದು ಹೋಗಿ ಇಡುತ್ತಾನೆ ಎಂದುಕೊಂಡಿದ್ದೆ. ಅವನು ಸೋಫಾದಿಂದ ಅಲುಗಾಡದೆ, "ಬಾ, ನೀರು ಕಾದಿದೆ," ಅನ್ನುತ್ತಿದ್ದ. ಫೋನಿನ ವಿಷಯದಲ್ಲಿ ಮೇಷ್ಟ್ರಿಗೆ ಸೋಲಲಾರದೆ, ನಾನು ಬಂದದ್ದು ಮನೆಗೆ ತಿಳಿಯಲಿ ಎಂದು ಈ ದಾರಿ ಹುಡುಕಿದ್ದ. ಬೆಳಗ್ಗೆಯೇ ಕೆಟಲಿಗೆ ನೀರು ತುಂಬಿ ಇಟ್ಟು ಹೋಗುತ್ತಿದ್ದಿರಬೇಕು.

ಸಿಮೆಂಟು ನೆಲ ಮಂಡಿಗೆ ಕೊರೆಯುವವರೆಗೂ ಅಲ್ಲೇ ಇದ್ದೆ. ಅಂತ್ಯಸಂಸ್ಕಾರದ ದಿನ ಬಾರದ ಅಳು ಅಲ್ಲಿ ಬಂತು.

ಆ ಒಂದನ್ನು ಮಾತ್ರ ಹೊಸದಕ್ಕೆ ಪರಿಚಯ ಮಾಡಿಸಲಿಲ್ಲ. ಕೀಳಲೂ ಇಲ್ಲ.

ಮನುಷ್ಯರ ಪಟ್ಟಿಯಲ್ಲಿ ನನ್ನ ಹೆಸರು ಬರೆದೆ. ಹಸಿರು ಚುಕ್ಕೆ ಬಂತು. ಹೀಟರ್ ಎದ್ದಿತು. ನಲ್ಲಿಯಲ್ಲಿ ನೀರಿತ್ತು. ಮನೆ ನನಗಾಗಿ ಬೆಚ್ಚಗಾಯಿತು. ಅವನಿಲ್ಲದೆಯೂ ಅದು ಬೆಚ್ಚಗಾಗಬಲ್ಲದು ಎಂಬುದನ್ನು ಸಹಿಸುತ್ತ, ಕೋಟು ಬಿಚ್ಚದೆ, ಅಡುಗೆಮನೆಯಲ್ಲಿ ಕೂತಿದ್ದೆ.

*

ಮರುದಿನ ಮಧ್ಯಾಹ್ನ ಲೆಪ್ಕಿ ಮೇಷ್ಟ್ರ ಮನೆಗೆ ನಡೆದು ಹೋದೆ. ಹಿಮ ಹೊಸದಾಗಿ ಬಿದ್ದಿತ್ತು. ಮೇಷ್ಟ್ರು ಗ್ಯಾರೇಜಿನ ಮುಂದೆ ಸಲಿಕೆ ಹಿಡಿದು ನಿಂತಿದ್ದರು. ನನ್ನನ್ನು ಕಂಡು ಸಲಿಕೆಯನ್ನು ಹಿಮಕ್ಕೆ ಚುಚ್ಚಿದರು.

"ಎಲ್ಲಾ ನಡೀತಿದ್ಯಾ?"

"ನಡೀತಿದೆ."

"ನೀರು?"

"ಬರ್ತಿದೆ."

"ಒಬ್ಬಳೇ ಮಾಡಿದ್ಯಾ? ಒಂದು ಫೋನ್ ಮಾಡ್ಬಾರ್ದಿತ್ತಾ? ನಾನಿಲ್ಲಿ ಕೋಳಿಗಳ ಜೊತೆ ಜಗಳ ಆಡ್ಕೊಂಡು ಬಿದ್ದಿದೀನಿ."

ಕೈಗವಸು ಕಳಚಿ ಜೇಬಿನಿಂದ ಡಾಂಗಲ್ ತೆಗೆದು ಚಾಚಿದೆ. ಕೆಂಪು ಗುರುತು ನೋಡಿದ ಕೂಡಲೇ ಅವರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು, ಶಾಲೆಯ ಹುಡುಗನ ಹಾಗೆ.

"ಬೇಡ ಬೇಡ. ಇಟ್ಕೋ ಅದನ್ನ. ಒಂದು ಕೆಟ್ರೆ ಇನ್ನೊಂದಿರ್ಲಿ."

"ನಿಮ್ದು ಮೇಷ್ಟ್ರೇ."

"ನಂಗೆ ಬೇರೆ ಇದೆ. ಅದೂ ಅಲ್ದೆ, ನಾನು ಕೊಟ್ಟಿದ್ದು ನಿಂಗಲ್ಲ." ಅವರ ದನಿ ಜಗಳದ ದನಿಯಾಯಿತು, ನೆಲಮಾಳಿಗೆಯ ಮೆಟ್ಟಿಲ ಮೇಲಿನ ಆ ಹಳೆಯ ದನಿ. "ಅವನು ಇಸ್ಕೊಂಡ್ಹೋಗಿದ್ದು. ನಾನೇ ತಂದ್ಕೊಡ್ತೀನಿ ಅಂದಿದ್ದ. ಅವನೇ ತಂದ್ಕೊಡ್ಲಿ."

ಹೇಳಿದ ಮೇಲೆ ತಮ್ಮ ಮಾತು ಅವರಿಗೇ ಕೇಳಿಸಿತು. ಬಾಯಿ ಹಾಗೇ ತೆರೆದುಕೊಂಡಿತ್ತು.

"ಅವನು ಬರಲ್ಲ ಮೇಷ್ಟ್ರೇ," ಎಂದೆ.

ಯಾರ ಎದುರಿಗೂ ನಾನು ಅದನ್ನು ಅದುವರೆಗೆ ಬಾಯಿಬಿಟ್ಟು ಹೇಳಿರಲಿಲ್ಲ. ಪಾದ್ರಿ ಹೇಳಿದ್ದರು, ಲವೋನ್ ಹೇಳಿದ್ದಳು, ಆಸ್ಪತ್ರೆಯವರು ಹೇಳಿದ್ದರು.

ಮೇಷ್ಟ್ರು ಬೆನ್ನ ಹಿಂದಿನ ಕೈಗಳನ್ನು ಮುಂದೆ ತಂದರು. ಹಲ್ಲಿನಿಂದ ಕಚ್ಚಿ ಬಲಗೈಯ ಗವಸು ಎಳೆದರು. ಬರಿಯ ಅಂಗೈ ಚಾಚಿದರು. ನಾನು ಅದರಲ್ಲಿ ಡಾಂಗಲ್ ಇಟ್ಟೆ.